ಸ್ಕ್ರೈಬಸ್ 1.6: ಕನ್ನಡ ಪುಸ್ತಕದ ಪುಟ ಕಟ್ಟಲು ಸಾಕಾ?

ನಮ್ಮ ಡಿಟಿಪಿ ಅಂಗಡಿಗಳಲ್ಲಿ ಪೇಜ್‌ಮೇಕರ್ 7 ಇನ್ನೂ ಸತ್ತಿಲ್ಲ. 2001ರಲ್ಲಿ ಬಂದ ಆ ತಂತ್ರಾಂಶಕ್ಕೆ ಯೂನಿಕೋಡ್ (ಎಲ್ಲ ಲಿಪಿಗಳಿಗೂ ಸಲ್ಲುವ ಒಂದೇ ಸಂಕೇತ ಪದ್ಧತಿ) ಎಂದರೇನೆಂದು ಗೊತ್ತಿಲ್ಲ. ಲೇಖಕರು ಮೊಬೈಲಿನಲ್ಲಿ ಯೂನಿಕೋಡ್ ಕನ್ನಡದಲ್ಲಿ ಬರೆದು ಕಳಿಸುತ್ತಾರೆ, ಅಂಗಡಿಯವರು ಅದನ್ನು ನುಡಿ ತಂತ್ರಾಂಶದ ಹಳೆಯ ಆಸ್ಕಿ ಸಂಕೇತಕ್ಕೆ ಹಿಂದಕ್ಕೆ ತಿರುಗಿಸಿ ಪುಟ ಕಟ್ಟುತ್ತಾರೆ, ನಾಲ್ಕು ವರ್ಷ ಬಿಟ್ಟು ಇ-ಪುಸ್ತಕ ಮಾಡೋಣವೆಂದರೆ ಅದೇ ಪಠ್ಯವನ್ನು ಮತ್ತೆ ಯೂನಿಕೋಡಿಗೆ ತರಬೇಕು. ಪ್ರತಿ ತಿರುವಿನಲ್ಲೂ ಒಂದಿಷ್ಟು ಅಕ್ಷರ ಕೆಡುತ್ತವೆ. ಈ ಸುತ್ತಾಟ ತಪ್ಪಿಸಬೇಕೆನ್ನುವವರಿಗೆ ಇರುವ ಪುಕ್ಕಟೆ ದಾರಿ ಸ್ಕ್ರೈಬಸ್ ಎಂಬ ಪುಟ ಕಟ್ಟುವ ತಂತ್ರಾಂಶ.

"ಸ್ಕ್ರೈಬಸ್‌ನಲ್ಲಿ ಕನ್ನಡ ಬರಲ್ಲ" ಎನ್ನುವ ಮಾತು ಹಲವರ ಬಾಯಲ್ಲಿದೆ. 1.4ರ ಮಟ್ಟಿಗೆ ಅದು ನೂರಕ್ಕೆ ನೂರು ನಿಜ. ಅದರಲ್ಲಿ ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲಿ ನಿಲ್ಲುತ್ತಿತ್ತು, ಗುಣಿತ ಚಿಹ್ನೆ ಅಕ್ಷರದಿಂದ ಬೇರೆಯಾಗಿ ತೇಲುತ್ತಿತ್ತು. 1.5 ಸರಣಿಯಲ್ಲಿ ಹಾರ್ಫ್‌ಬಜ್ ಎಂಬ ಅಕ್ಷರ ಜೋಡಿಸುವ ಎಂಜಿನ್ ಸೇರಿದ ಮೇಲೆ ಕಥೆ ಬದಲಾಯಿತು. ಆ ಕೆಲಸ ಶುರುವಾದದ್ದು ಒಮಾನ್‌ನಲ್ಲಿ, ಅರಬ್ಬಿ ಲಿಪಿಗಾಗಿ. ಅದರ ಫಲ ಕನ್ನಡಕ್ಕೂ ಸಿಕ್ಕಿತು. ಸ್ಥಿರ ಆವೃತ್ತಿಯಾಗಿ 1.6.0 ಹೊರಬಂದದ್ದು 2024ರ ಜನವರಿ 1ಕ್ಕೆ, 1.4.0 ಬಂದು ಸರಿಯಾಗಿ ಹನ್ನೆರಡು ವರ್ಷದ ಮೇಲೆ. ಫೈರ್‌ಫಾಕ್ಸ್ ಮತ್ತು ಆಂಡ್ರಾಯ್ಡ್ ಕನ್ನಡ ತೋರಿಸುವುದೂ ಇದೇ ಎಂಜಿನ್‌ನಿಂದ. ಹಾಗಾಗಿ ಬ್ರೌಸರಿನಲ್ಲಿ ಒಂದು ಫಾಂಟ್ ಸರಿಯಾಗಿ ಕಂಡರೆ ಇಲ್ಲೂ ಕಾಣುತ್ತದೆ ಎಂದುಕೊಳ್ಳಬಹುದು.

ತೀರ್ಪು ಮೊದಲೇ ಹೇಳಿಬಿಡುವುದಾದರೆ: ಕಥೆ, ಕವಿತೆ, ಕಾದಂಬರಿ, ಸ್ಮರಣ ಸಂಚಿಕೆ, ಆಮಂತ್ರಣ, ಕರಪತ್ರಗಳಿಗೆ ಧೈರ್ಯವಾಗಿ ಬಳಸಿ. ಪುಟಕ್ಕೆ ಐದು ಅಡಿಟಿಪ್ಪಣಿ ಇರುವ ಸಂಶೋಧನಾ ಗ್ರಂಥಕ್ಕೆ ಬೇಡ. ಕಾರಣ ಕೊನೆಯ ಹೊತ್ತಿಗೆ ತಿಳಿಯುತ್ತದೆ.

ಅನುಸ್ಥಾಪನೆ

ವಿಂಡೋಸ್‌ನಲ್ಲಿ ಎರಡು ಇನ್‌ಸ್ಟಾಲರ್ ಬೇಕು. ಮೊದಲು ಗೋಸ್ಟ್‌ಸ್ಕ್ರಿಪ್ಟ್ (ಇಪಿಎಸ್‌ನಂಥ ಮುದ್ರಣದ ಫೈಲುಗಳನ್ನು ಓದುವ ಸಹಾಯಕ ತಂತ್ರಾಂಶ), ಆಮೇಲೆ ಸ್ಕ್ರೈಬಸ್. ಎರಡೂ 64 ಬಿಟ್‌ನವೇ ಆಗಿರಲಿ. ಗೋಸ್ಟ್‌ಸ್ಕ್ರಿಪ್ಟ್ ಇಲ್ಲದಿದ್ದರೂ ಸ್ಕ್ರೈಬಸ್ ತೆರೆದುಕೊಳ್ಳುತ್ತದೆ, ಅದಕ್ಕೇ ಬಹಳ ಜನ ಅದನ್ನು ಬಿಟ್ಟುಬಿಡುತ್ತಾರೆ. ಆಮೇಲೆ ಇಪಿಎಸ್ ಲೋಗೊ ತರಲು ಹೋದಾಗ, ಅಥವಾ ಪ್ರಿಂಟ್ ಪ್ರಿವ್ಯೂನಲ್ಲಿ ನಾಲ್ಕು ಬಣ್ಣದ ಪ್ಲೇಟುಗಳನ್ನು ಬಿಡಿಬಿಡಿಯಾಗಿ ನೋಡಲು ಹೋದಾಗ ಸಿಕ್ಕಿಬೀಳುತ್ತಾರೆ. ಎರಡನ್ನೂ ಹಾಕಿದ ಮೇಲೂ ಕೆಲಸ ಆಗದಿದ್ದರೆ ಪ್ರಿಫರೆನ್ಸಸ್‌ನ ಎಕ್ಸ್‌ಟರ್ನಲ್ ಟೂಲ್ಸ್ ವಿಭಾಗಕ್ಕೆ ಹೋಗಿ, ಗೋಸ್ಟ್‌ಸ್ಕ್ರಿಪ್ಟ್ ಫೋಲ್ಡರಿನ "ಬಿನ್" ಒಳಗಿರುವ, ಹೆಸರಿನ ಕೊನೆಯಲ್ಲಿ "64ಸಿ" ಇರುವ ಫೈಲನ್ನು ಕೈಯಾರೆ ತೋರಿಸಿ.

ಲಿನಕ್ಸ್‌ನಲ್ಲಿ ಗೋಸ್ಟ್‌ಸ್ಕ್ರಿಪ್ಟ್ ಸಾಮಾನ್ಯವಾಗಿ ಮೊದಲೇ ಇರುತ್ತದೆ. ಅಲ್ಲಿನ ತೊಂದರೆ ಬೇರೆ: ಲಿನಕ್ಸ್‌ನ ತಂತ್ರಾಂಶ ಭಂಡಾರದಲ್ಲಿರುವ ಸ್ಕ್ರೈಬಸ್ ಹಿಂದಿನ ಆವೃತ್ತಿಯದ್ದಾಗಿರಬಹುದು. ಹೆಲ್ಪ್ ಮೆನುವಿನ ಅಬೌಟ್‌ನಲ್ಲಿ ಸಂಖ್ಯೆ ನೋಡಿ, 1.6 ಅಲ್ಲದಿದ್ದರೆ ಆಪ್‌ಇಮೇಜ್ (ಅನುಸ್ಥಾಪಿಸದೆಯೇ ಓಡುವ ಒಂದೇ ಫೈಲು) ಇಳಿಸಿಕೊಂಡು, ಆ ಫೈಲಿನ ಗುಣಲಕ್ಷಣಗಳಲ್ಲಿ "ಕಾರ್ಯಗತಗೊಳಿಸಬಹುದು" ಎಂಬುದಕ್ಕೆ ಗುರುತು ಹಾಕಿ ಓಡಿಸಿ. 1.4ರಲ್ಲಿ ಮಾಡಿದ ಹಳೆಯ ಕೆಲಸ ಏನಾದರೂ ಇದ್ದರೆ ಅದರ ಪ್ರತಿ ತೆಗೆದಿಟ್ಟುಕೊಂಡೇ 1.6ರಲ್ಲಿ ತೆರೆಯಿರಿ. ಒಮ್ಮೆ ಉಳಿಸಿದ ಮೇಲೆ ಅದು 1.4ರಲ್ಲಿ ತೆರೆಯುವುದಿಲ್ಲ.

ಫಾಂಟ್: ನಿಜವಾದ ತಲೆನೋವು ಇಲ್ಲಿದೆ

ಸ್ಕ್ರೈಬಸ್‌ ಮೇಲೆ ಹೊರಿಸುವ ದೂರುಗಳಲ್ಲಿ ಮುಕ್ಕಾಲು ಪಾಲು ಫಾಂಟಿನವು. ಅದು ಫಾಂಟ್ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ವರ್ಡ್ ಅಥವಾ ಲಿಬ್ರೆ ಆಫೀಸ್‌ನಲ್ಲಿ ಒಂದು ಅಕ್ಷರ ಫಾಂಟಿನಲ್ಲಿ ಇಲ್ಲದಿದ್ದರೆ ಇನ್ನೊಂದು ಫಾಂಟಿನಿಂದ ಸದ್ದಿಲ್ಲದೆ ಎರವಲು ತರುತ್ತವೆ. ಸ್ಕ್ರೈಬಸ್ ತರುವುದಿಲ್ಲ, ಖಾಲಿ ಚೌಕ ಹಾಕುತ್ತದೆ. ವರ್ಡ್‌ನಲ್ಲಿ ದಪ್ಪ ಅಕ್ಷರದ ಫಾಂಟ್ ಇಲ್ಲದಿದ್ದರೂ ಬಿ ಒತ್ತಿದರೆ ದಪ್ಪವಾಗುತ್ತದೆ. ಇಲ್ಲಿ ಬೋಲ್ಡ್ ಎಂಬ ಪ್ರತ್ಯೇಕ ಫೈಲು ಇದ್ದರೆ ಮಾತ್ರ ಬೋಲ್ಡ್. ಮೊದಲಿಗೆ ಇದು ಕಿರಿಕಿರಿ. ಪ್ರೆಸ್‌ಗೆ ಹೋದ ಮೇಲೆ ಸಿಗುವ ಆಘಾತ ಇದರಿಂದ ತಪ್ಪುತ್ತದೆ ಎನ್ನುವುದಕ್ಕೆ ಅಂಕ ಕೊಡಲೇಬೇಕು.

ವಿಂಡೋಸ್ 10 ಮತ್ತು 11ರಲ್ಲಿ ಫಾಂಟ್ ಫೈಲಿನ ಮೇಲೆ ಬಲಗುಂಡಿ ಒತ್ತಿದರೆ "ಇನ್‌ಸ್ಟಾಲ್" ಮತ್ತು "ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್" ಎಂದು ಎರಡು ಆಯ್ಕೆ ಬರುತ್ತವೆ. ಎರಡನೆಯದನ್ನೇ ಆರಿಸಿ. ಮೊದಲನೆಯದು ಫಾಂಟನ್ನು ವಿಂಡೋಸ್‌ನ ಫಾಂಟ್ಸ್ ಫೋಲ್ಡರಿಗೆ ಹಾಕದೆ ನಿಮ್ಮ ಖಾತೆಯ ಒಳಗಿನ ಯಾವುದೋ ಮೂಲೆಗೆ ಹಾಕುತ್ತದೆ, ಎಲ್ಲ ತಂತ್ರಾಂಶಗಳೂ ಅಲ್ಲಿಗೆ ಹೋಗಿ ಹುಡುಕುವುದಿಲ್ಲ. ಫಾಂಟ್ ಹಾಕಿದ ಮೇಲೆ ಸ್ಕ್ರೈಬಸ್ ಮುಚ್ಚಿ ಮತ್ತೆ ತೆರೆಯಿರಿ, ಪಟ್ಟಿ ಓದಿಕೊಳ್ಳುವುದು ತೆರೆಯುವಾಗ ಮಾತ್ರ.

ಗಣಕಕ್ಕೆ ಸೇರಿಸದೆಯೂ ಫಾಂಟ್ ಬಳಸಬಹುದು. ಪುಸ್ತಕದ ಫೋಲ್ಡರಿನಲ್ಲೇ "ಫಾಂಟು" ಎಂದು ಒಂದು ಒಳಫೋಲ್ಡರ್ ಮಾಡಿ, ಪ್ರಿಫರೆನ್ಸಸ್‌ನ ಫಾಂಟ್ಸ್ ವಿಭಾಗದಲ್ಲಿ ಅಡಿಷನಲ್ ಪಾಥ್ಸ್‌ಗೆ ಅದನ್ನು ಸೇರಿಸಿದರೆ ಆಯಿತು. ಆ ಜಾಗ ಮಂಕಾಗಿ ಕಂಡು ಒತ್ತಲು ಬರದಿದ್ದರೆ ಯಾವುದೋ ದಾಖಲೆ ತೆರೆದಿದೆ ಎಂದರ್ಥ. ಎಲ್ಲ ಮುಚ್ಚಿದ ಮೇಲೆ ಮಾತ್ರ ಈ ದಾರಿ ತೆರೆಯುತ್ತದೆ. ಹಾಳಾದ ಫಾಂಟುಗಳನ್ನು ಸ್ಕ್ರೈಬಸ್ ಪಟ್ಟಿಗೆ ಸೇರಿಸುವುದೇ ಇಲ್ಲ, ಹಾಗಾಗಿ ಹಳೆಯ ಸಿಡಿಗಳಿಂದ ಬಂದ ಕೆಲವು ಫಾಂಟ್ ಕಾಣದಿದ್ದರೆ ಗಾಬರಿ ಬೇಡ.

ಗೂಗಲ್ ಫಾಂಟ್ಸ್‌ನಿಂದ ಇಳಿಸಿದ ನೋಟೋ ಸೆರಿಫ್ ಕನ್ನಡ ಅಥವಾ ಅನೇಕ್ ಕನ್ನಡದ ಜಿಪ್ ಬಿಚ್ಚಿದರೆ ಮೇಲೆಯೇ ಒಂದು ದೊಡ್ಡ ಫೈಲು ಸಿಗುತ್ತದೆ. ಅದು ವೇರಿಯಬಲ್ ಫಾಂಟ್, ಎಲ್ಲ ದಪ್ಪಗಳೂ ಒಂದೇ ಫೈಲಿನಲ್ಲಿ. 1.6ಕ್ಕೆ ಅದು ಆಗಿಬರುವುದಿಲ್ಲ. ಒಳಗಿನ "ಸ್ಟ್ಯಾಟಿಕ್" ಫೋಲ್ಡರಿನಲ್ಲಿರುವ ರೆಗ್ಯುಲರ್, ಬೋಲ್ಡ್ ಎಂದು ಬೇರೆ ಬೇರೆಯಿರುವ ಫೈಲುಗಳನ್ನು ಹಾಕಿಕೊಳ್ಳಿ. ಎರಡನ್ನೂ ಒಟ್ಟಿಗೆ ಹಾಕಬೇಡಿ. ಒಂದೇ ಹೆಸರಿನ ಎರಡು ಕುಟುಂಬ ಪಟ್ಟಿಯಲ್ಲಿ ಕುಳಿತು ಗೊಂದಲ ಮಾಡುತ್ತವೆ.

ಯಾವ ಫಾಂಟ್? ಒಳಪುಟದ ಪಠ್ಯಕ್ಕೆ ಟೀರೋ ಕನ್ನಡ ಮುದ್ರಣದಲ್ಲಿ ಬಹಳ ಚೆನ್ನಾಗಿ ಕೂರುತ್ತದೆ. ಅಚ್ಚುಮೊಳೆಯ ಕಾಲದ ದಪ್ಪ-ತೆಳುವಿನ ಹದ ಅದರಲ್ಲಿದೆ. ಆದರೆ ಅದಕ್ಕೆ ರೆಗ್ಯುಲರ್ ಮತ್ತು ಇಟಾಲಿಕ್ ಮಾತ್ರ, ಬೋಲ್ಡ್ ಇಲ್ಲ. ಹಾಗಾಗಿ ಶೀರ್ಷಿಕೆಗೆ ನೋಟೋ ಸೆರಿಫ್ ಕನ್ನಡ ಬೋಲ್ಡ್ ಅಥವಾ ಅನೇಕ್ ಜೊತೆಗಿಟ್ಟುಕೊಳ್ಳಬೇಕು. ಮಕ್ಕಳ ಪುಸ್ತಕದ ಮುಖಪುಟಕ್ಕೆ ಬಲೂ ತಮ್ಮ 2, ಕೈಬರಹದ ಛಾಯೆ ಬೇಕಾದಲ್ಲಿ ಅರವಿಂದ ವಿ.ಕೆ. ಅವರ ನವಿಲು. ವಿಂಡೋಸ್ ಜೊತೆಗೆ ಬರುವ ನಿರ್ಮಲಾ ಯುಐ ತೆರೆಗಾಗಿ ಮಾಡಿದ್ದು, ಪುಸ್ತಕದಲ್ಲಿ ಅದು ಸರ್ಕಾರಿ ಅರ್ಜಿಯಂತೆ ಕಾಣುತ್ತದೆ. ಹಳೆಯ ಫೈಲಿನಲ್ಲಿ ತುಂಗಾ ಬಳಸಿದ್ದು ಹೊಸ ಗಣಕದಲ್ಲಿ ಸಿಗುತ್ತಿಲ್ಲವೆಂದರೆ, ವಿಂಡೋಸ್ 10ರಿಂದ ಅದು ಐಚ್ಛಿಕ ಸೌಲಭ್ಯಗಳ ಪಟ್ಟಿಗೆ ಹೋಗಿದೆ. "ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್" ಸೇರಿಸಿದರೆ ಬರುತ್ತದೆ.

ಫಾಂಟ್ ತೀರ್ಮಾನಿಸುವ ಮುನ್ನ ಒಂದು ಚೌಕಟ್ಟಿನಲ್ಲಿ ಇಷ್ಟನ್ನು ಹಾಕಿ ನೋಡಿ: ಸ್ತ್ರೀ, ರಾಷ್ಟ್ರ, ಜ್ಞಾನ, ಕ್ಷೌರ, ಕೈಂಕರ್ಯ, ಸಾಫ್ಟ್‌ವೇರ್, ರ್‍ಯಾಂಕ್, ೧೨೩, 123, ₹. ರಾಷ್ಟ್ರದಲ್ಲಿ ಎರಡು ಒತ್ತು ಒಂದಕ್ಕೊಂದು ತಾಗದೆ ಕೂತಿವೆಯೇ? ಕೈಂಕರ್ಯದ ಅರ್ಕಾವತ್ತು ಯಕಾರದ ಬಲಕ್ಕೆ ಇದೆಯೇ? ರ್‍ಯಾಂಕ್‌ನಲ್ಲಿ ರಕಾರ ಪೂರ್ತಿಯಾಗಿ ಉಳಿದು ಯ ಒತ್ತಾಗಿದೆಯೇ? ರೂಪಾಯಿ ಚಿಹ್ನೆ ಯೂನಿಕೋಡಿಗೆ ಸೇರಿದ್ದು 2010ರಲ್ಲಿ. ಅದಕ್ಕಿಂತ ಹಿಂದಿನ ಫಾಂಟುಗಳಲ್ಲಿ ಬೆಲೆಯ ಜಾಗದಲ್ಲಿ ಚೌಕವೇ ಗತಿ. ಹಳೆಯ ನೋಟೋ ಫೈಲುಗಳಲ್ಲಿ ಇಂಗ್ಲಿಷ್ ಅಕ್ಷರಗಳೇ ಇರಲಿಲ್ಲ, ಆದ್ದರಿಂದ ಹೊಸದಾಗಿ ಇಳಿಸಿಕೊಳ್ಳುವುದು ಒಳ್ಳೆಯದು.

ನುಡಿ ಆಸ್ಕಿಯಲ್ಲಿರುವ ಹಸ್ತಪ್ರತಿ

ನುಡಿ 01 ಇ ಫಾಂಟಿನ ಪಠ್ಯವನ್ನು ಹಾಗೆಯೇ ಅಂಟಿಸಿ, ಫಾಂಟ್ ಆರಿಸಿದರೆ ಸ್ಕ್ರೈಬಸ್ ಅದನ್ನೂ ತೋರಿಸುತ್ತದೆ. ಇದು ಬಲೆ. ಆಸ್ಕಿ ಕನ್ನಡದಲ್ಲಿ ಗಣಕಕ್ಕೆ ಕಾಣುವುದು ಯುರೋಪಿನ ಅಕ್ಷರಗಳು ಮತ್ತು ಚಿಹ್ನೆಗಳು. ನುಡಿಯಲ್ಲಿ "ವಿ" ಕೂತಿರುವುದು ಫ್ರೆಂಚರ ಜೋಡಿ ಕೋನದ ಉದ್ಧರಣ ಚಿಹ್ನೆಯ ಮನೆಯಲ್ಲಿ. ಹೀಗೆ ಬಳಕೆಯಾದ ಕೆಲವು ಚಿಹ್ನೆಗಳ ಪಕ್ಕದಲ್ಲಿ ಸಾಲು ಮುರಿಯಬಹುದು ಎಂದು ತಂತ್ರಾಂಶ ತಿಳಿಯುತ್ತದೆ, ಪದದ ನಡುವೆ ಸಾಲು ತುಂಡಾಗುವ ಅಪಾಯ ಹೀಗೆ ಹುಟ್ಟುತ್ತದೆ. ಆದ್ದರಿಂದ ಮೊದಲು ಯೂನಿಕೋಡಿಗೆ ತಿರುಗಿಸಿ. ನುಡಿಯ ಜೊತೆ ಬರುವ ಪರಿವರ್ತಕವೂ ಇದೆ, ಅರವಿಂದ ಅವರದೇ ಆನ್‌ಲೈನ್ ಪರಿವರ್ತಕವೂ ಇದೆ.

ತಿರುಗಿಸಿದ್ದನ್ನು ಕಣ್ಣುಮುಚ್ಚಿ ನಂಬಬೇಡಿ. ನಾಲ್ಕು ತಪ್ಪು ಪದೇ ಪದೇ ಸಿಗುತ್ತವೆ. ಅನುಸ್ವಾರದ ಜಾಗದಲ್ಲಿ ಕನ್ನಡ ಸೊನ್ನೆ ಕೂತಿರುತ್ತದೆ, ಕಣ್ಣಿಗೆ ಎರಡೂ ಒಂದೇ. ಲಿಬ್ರೆ ಆಫೀಸ್‌ನಲ್ಲಿ ಸೊನ್ನೆಯನ್ನು ಹುಡುಕಿ, ಹಿಂದಿನದು ಅಂಕಿಯಲ್ಲದಿದ್ದರೆ ಬದಲಿಸಿ. ನಡುವೆ ಇದ್ದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗಿರುತ್ತವೆ. ಇವನ್ನು ಮೂಲ ಪ್ರತಿ ಎದುರಿಗಿಟ್ಟುಕೊಂಡೇ ಸರಿಪಡಿಸಬೇಕು. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಾರಿರುತ್ತದೆ. ನಾಲ್ಕನೆಯದು ವರ್ಡ್‌ನ ಕಾಣಿಕೆ: ವಾಕ್ಯದ ಮೊದಲ ಅಕ್ಷರವನ್ನು ತಾನೇ ದೊಡ್ಡದು ಮಾಡುವ ಸ್ವಯಂ ತಿದ್ದುಪಡಿ ಆಸ್ಕಿ ಪಠ್ಯದಲ್ಲಿ ಒಂದು ಸಂಕೇತವನ್ನು ಇನ್ನೊಂದಾಗಿಸಿರುತ್ತದೆ, ಅಲ್ಲಿ ಬೇರೆಯೇ ಅಕ್ಷರ ಹುಟ್ಟುತ್ತದೆ. ಸ್ಕ್ರೈಬಸ್ ಪುಟದಲ್ಲಿ ಎಲ್ಲಾದರೂ ಚುಕ್ಕಿಗಳ ವೃತ್ತ ಕಂಡರೆ ಅಲ್ಲಿ ಆಸರೆ ಇಲ್ಲದ ಗುಣಿತ ಚಿಹ್ನೆ ಇದೆ ಎಂದರ್ಥ. ಆ ವೃತ್ತ ಪಠ್ಯದಲ್ಲಿ ಇರುವುದಿಲ್ಲ, ಹುಡುಕು ಗುಂಡಿಗೆ ಸಿಗುವುದಿಲ್ಲ. ಪ್ರೂಫ್ ನೋಡುವವರ ಕಣ್ಣಿಗೇ ಬೀಳಬೇಕು.

ತಿದ್ದಿದ ಪಠ್ಯವನ್ನು ಲಿಬ್ರೆ ಆಫೀಸ್‌ನ ಓಡಿಟಿ ರೂಪದಲ್ಲಿ ಉಳಿಸಿ, ಗೆಟ್ ಟೆಕ್ಸ್ಟ್ ಮೂಲಕ ತನ್ನಿ. "ಇಂಪೋರ್ಟ್ ಟೆಕ್ಸ್ಟ್ ಓನ್ಲಿ"ಗೆ ಗುರುತು ಹಾಕಿದರೆ ವರ್ಡ್‌ನಿಂದ ಅಂಟಿಕೊಂಡು ಬಂದ ಶೈಲಿಗಳ ಕಸ ಬರುವುದಿಲ್ಲ, ಆದರೆ ಇಟಾಲಿಕ್ ಗುರುತುಗಳೂ ಹೋಗುತ್ತವೆ. ಕಾದಂಬರಿಗೆ ಈ ನಷ್ಟ ಸಣ್ಣದು.

ಡೆಮಿ ಪುಟಕ್ಕೆ ಅಳತೆಗಳು

ನಮ್ಮ ಪುಸ್ತಕಗಳ ವಾಡಿಕೆಯ ಡೆಮಿ 1/8 ಸ್ಕ್ರೈಬಸ್ ಪಟ್ಟಿಯಲ್ಲಿ ಸಿಗುತ್ತದೆಂದು ಹುಡುಕಬೇಡಿ, ಕಸ್ಟಮ್ ಆರಿಸಿ 140 ಮಿ.ಮೀ. ಅಗಲ, 215 ಮಿ.ಮೀ. ಎತ್ತರ ಕೊಡಿ. ಎದುರುಬದುರು ಪುಟಗಳ ವಿನ್ಯಾಸ, ಮೊದಲ ಪುಟ ಬಲಕ್ಕೆ. ಅಂಚು: ಒಳಗೆ 20, ಹೊರಗೆ 15, ಮೇಲೆ 18, ಕೆಳಗೆ 20. "ಆಟೊಮ್ಯಾಟಿಕ್ ಟೆಕ್ಸ್ಟ್ ಫ್ರೇಮ್ಸ್"ಗೆ ಗುರುತು ಹಾಕುವುದನ್ನು ಮರೆತರೆ ಆಮೇಲೆ ನೂರು ಪುಟಕ್ಕೂ ಚೌಕಟ್ಟು ಎಳೆದು ಕೊಂಡಿ ಹಾಕುತ್ತಾ ಕೂರಬೇಕಾಗುತ್ತದೆ.

ಅಕ್ಷರ 11 ಪಾಯಿಂಟ್, ಸಾಲಿನ ಅಂತರ 16. ಇಂಗ್ಲಿಷಿಗೆ 11ಕ್ಕೆ 13 ಸಾಕು. ಕನ್ನಡದಲ್ಲಿ ಒತ್ತು ಕೆಳಗಿಳಿದು ಮುಂದಿನ ಸಾಲಿನ ದೀರ್ಘ, ಗುಡಿಸುಗಳಿಗೆ ಡಿಕ್ಕಿ ಹೊಡೆಯುತ್ತದೆ. ಮೇಲಿನ ಅಂಚುಗಳಿಗೆ ಈ ಲೆಕ್ಕದಲ್ಲಿ ಪುಟಕ್ಕೆ 31 ಸಾಲು. ಸಾಲಿನ ಅಂತರದ ಬಗೆಯಲ್ಲಿ "ಆಟೊಮ್ಯಾಟಿಕ್" ಬಿಟ್ಟು "ಫಿಕ್ಸೆಡ್" ಆರಿಸಿ. ಆಟೊಮ್ಯಾಟಿಕ್ ಆದರೆ ಸ್ಕ್ರೈಬಸ್ ಫಾಂಟಿನೊಳಗೆ ಬರೆದಿರುವ ಎತ್ತರವನ್ನು ನೆಚ್ಚುತ್ತದೆ, ನೋಟೋದಂಥ ಫಾಂಟುಗಳಲ್ಲಿ ಆ ಸಂಖ್ಯೆ ಧಾರಾಳವಾಗಿದ್ದು ಪುಟ ಬಿಚ್ಚಿಕೊಂಡಂತೆ ಕಾಣುತ್ತದೆ. ಎಡ-ಬಲ ಪುಟಗಳ ಮೊದಲ ಸಾಲು ಮೇಲೆ-ಕೆಳಗೆ ಆಗುತ್ತಿದ್ದರೆ ಚೌಕಟ್ಟಿನ "ಫಸ್ಟ್ ಲೈನ್ ಆಫ್‌ಸೆಟ್" ಅನ್ನು "ಲೈನ್ ಸ್ಪೇಸಿಂಗ್"ಗೆ ಬದಲಿಸಿ. ಇದೆಲ್ಲವನ್ನೂ ಪ್ಯಾರಾ ಶೈಲಿಯೊಳಗೆ ಬರೆದಿಡಿ. ಒಂದೊಂದು ಪ್ಯಾರಾ ಆಯ್ದು ಕೈಯಿಂದ ಬದಲಿಸಿದವರು ಎರಡನೇ ಪ್ರೂಫಿಗೆ ಅಳುತ್ತಾರೆ.

ಎರಡೂ ಬದಿ ಸಮ ಮಾಡಿದಾಗ ಪದಗಳ ನಡುವೆ ಹೊಂಡ ಬೀಳುವುದು ಕನ್ನಡದ ಹಳೆಯ ರೋಗ, ನಮ್ಮ ಪದಗಳು ಉದ್ದ. ಪ್ಯಾರಾ ಶೈಲಿಯಲ್ಲಿ ಪದಗಳ ನಡುವಿನ ಕನಿಷ್ಠ ಅಂತರವನ್ನು ನೂರರಿಂದ 85ಕ್ಕೆ ಇಳಿಸಿ, ಗ್ಲಿಫ್ ಎಕ್ಸ್‌ಟೆನ್ಷನ್‌ಗೆ 98ರಿಂದ 102ರಷ್ಟು ಸಡಿಲ ಕೊಡಿ. ಅಷ್ಟಕ್ಕೇ ಅರ್ಧ ಹೊಂಡ ಮುಚ್ಚುತ್ತವೆ, ಅಕ್ಷರ ಹಿಗ್ಗಿದ್ದು ಕಣ್ಣಿಗೆ ತಿಳಿಯುವುದಿಲ್ಲ. ಉಳಿದ ಕಡೆ ಇನ್ಸರ್ಟ್ ಮೆನುವಿನ ಕ್ಯಾರೆಕ್ಟರ್ ಪಟ್ಟಿಯಿಂದ ಸಾಫ್ಟ್ ಹೈಫನ್ ಹಾಕಿ ಪದ ಒಡೆಯಿರಿ. ಪ್ರತ್ಯಯ ಸೇರುವಲ್ಲಿ ಒಡೆಯುವುದು ಚೆಂದ, ಒತ್ತಕ್ಷರದ ನಡುವೆ ಮಾತ್ರ ಕೈ ಹಾಕಬೇಡಿ. ಸಾಮಾನ್ಯ ಹೈಫನ್ ಒತ್ತಿದರೆ ಪಠ್ಯ ಜರುಗಿದಾಗ ಅದು ಸಾಲಿನ ನಡುವೆ ಉಳಿದು ಮುದ್ರಣವಾಗುತ್ತದೆ. ಕನ್ನಡ ಪುಸ್ತಕಗಳಲ್ಲಿ "ಮಾಡು-ತ್ತಾನೆ" ಕಾಣಿಸಿಕೊಳ್ಳುವುದು ಹೀಗೆ. ಅಕ್ಷರಗಳ ನಡುವಿನ ಟ್ರ್ಯಾಕಿಂಗ್ ಸೊನ್ನೆಯಲ್ಲೇ ಇರಲಿ. ಅದನ್ನು ಹಿಗ್ಗಿಸಿದರೆ ದೀರ್ಘ ಚಿಹ್ನೆಗಳು ಅಕ್ಷರದಿಂದ ದೂರ ಸರಿಯುತ್ತವೆ.

ಪ್ರೆಸ್‌ಗೆ ಕಳಿಸುವ ಮುನ್ನ

ಎಡಿಟ್ ಮೆನುವಿನ ಬಣ್ಣಗಳ ಪಟ್ಟಿ ತೆರೆಯಿರಿ. ಆಮದಾದ ಪಠ್ಯದ ಜೊತೆಗೆ ಆರ್‌ಜಿಬಿ ಕಪ್ಪು (ತೆರೆಯ ಬಣ್ಣಪದ್ಧತಿಯ ಕಪ್ಪು) ಬಂದಿದ್ದರೆ ಅದು ನಾಲ್ಕೂ ಶಾಯಿಗಳ ಮಿಶ್ರಣವಾಗಿ ಪ್ಲೇಟಿಗೆ ಹೋಗುತ್ತದೆ, ಪ್ಲೇಟ್ ಕೂದಲೆಳೆಯಷ್ಟು ಜರುಗಿದರೂ ಅಕ್ಷರದ ಸುತ್ತ ಬಣ್ಣದ ನೆರಳು. ಆ ಬಣ್ಣವನ್ನು ಅಳಿಸಿ, ಬದಲಿಗೆ ಯಾವುದು ಎಂದು ಕೇಳಿದಾಗ "ಬ್ಲ್ಯಾಕ್" ಕೊಡಿ. "ರಿಜಿಸ್ಟ್ರೇಷನ್" ಅಥವಾ "ರಿಚ್ ಬ್ಲ್ಯಾಕ್" ಬೇಡ, ಹೆಸರು ಹತ್ತಿರವಿದ್ದರೂ ಅವು ಪಠ್ಯಕ್ಕಲ್ಲ.

ಸ್ಕ್ರೈಬಸ್‌ನ ಅತ್ಯುತ್ತಮ ಭಾಗ ಪ್ರಿಫ್ಲೈಟ್ ವೆರಿಫೈಯರ್. ಚೌಕಟ್ಟಿನಿಂದ ಉಕ್ಕಿಹೋದ ಪಠ್ಯ, ಫಾಂಟಿನಲ್ಲಿಲ್ಲದ ಅಕ್ಷರ, ಕಾಣೆಯಾದ ಚಿತ್ರ, ಕಡಿಮೆ ಸಾಂದ್ರತೆಯ ಫೋಟೊ ಎಲ್ಲವನ್ನೂ ಪುಟಸಂಖ್ಯೆ ಸಮೇತ ಹೇಳುತ್ತದೆ. ಚಿತ್ರದ ಸಾಂದ್ರತೆಯ ಕನಿಷ್ಠ ಮಿತಿಯನ್ನು 300 ಡಿಪಿಐಗೆ ಏರಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಬಂದ ಲೇಖಕರ ಭಾವಚಿತ್ರಗಳು ಸಾಲಾಗಿ ಸಿಕ್ಕಿಬೀಳುತ್ತವೆ.

ಪಿಡಿಎಫ್ ಮಾಡುವಾಗ ಎಲ್ಲ ಫಾಂಟುಗಳೂ ಎಂಬೆಡ್ ಆಗಲಿ (ಪಿಡಿಎಫ್ ಒಳಗೇ ಸೇರಲಿ), ಅಕ್ಷರಗಳನ್ನು ಬರೀ ಆಕಾರಗಳಾಗಿಸುವ "ಔಟ್‌ಲೈನ್" ಕೊನೆಯ ಉಪಾಯವಾಗಿರಲಿ. ಅದೇ ಕಿಟಕಿಯ ಕಲರ್ ಟ್ಯಾಬ್‌ನಲ್ಲಿ "ಸ್ಕ್ರೀನ್" ಬದಲು "ಪ್ರಿಂಟರ್" ಆರಿಸುವುದು ಕಡ್ಡಾಯ. ಪ್ರೆಸ್ಸಿನವರು ಪಿಡಿಎಫ್ ಎಕ್ಸ್-3 (ಮುದ್ರಣಕ್ಕೆಂದೇ ಇರುವ ಪಿಡಿಎಫ್ ಮಾನಕ) ಕೇಳಿದರೆ ಮತ್ತು ಆ ಆಯ್ಕೆ ಪಟ್ಟಿಯಲ್ಲಿ ಕಾಣದಿದ್ದರೆ ಕಲರ್ ಮ್ಯಾನೇಜ್‌ಮೆಂಟ್ ಚಾಲೂ ಆಗಿಲ್ಲ ಎಂದರ್ಥ. ಒಂದೇ ಬಣ್ಣದ ಒಳಪುಟಕ್ಕೆ ಆ ಗೋಜೇ ಬೇಡ. ಮುಖಪುಟಕ್ಕೆ ಸುತ್ತಲೂ 3 ಮಿ.ಮೀ. ಬ್ಲೀಡ್ (ಆಮೇಲೆ ಕತ್ತರಿಸಿ ತೆಗೆಯುವ ಹೆಚ್ಚುವರಿ ಭಾಗ) ಕೊಡಿ, ಬೆನ್ನಿನ ದಪ್ಪವನ್ನು ಕಾಗದ ನೋಡಿದ ಮೇಲೆ ಪ್ರೆಸ್ಸಿನವರಿಂದಲೇ ಕೇಳಿ ತಿಳಿಯಿರಿ. ಹೀಗೆ ಮಾಡಿದ ಪಿಡಿಎಫ್‌ನಿಂದ ಕನ್ನಡ ಪಠ್ಯವನ್ನು ಸರಿಯಾಗಿ ಹೊರತೆಗೆಯಬಹುದು ಎಂದು ನೆಚ್ಚಬೇಡಿ, ತಿದ್ದಿದ ಓಡಿಟಿಯನ್ನು ಜೋಪಾನ ಮಾಡಿ.

ಎಲ್ಲಿ ಸೋಲುತ್ತದೆ

ವೇಗದಲ್ಲಿ. ಇನ್ನೂರು ಪುಟಗಳ ಪಠ್ಯ ಕೊಂಡಿ ಹಾಕಿದ ಚೌಕಟ್ಟುಗಳ ಒಂದೇ ಸರಪಳಿಯಲ್ಲಿದ್ದರೆ ಒಂದು ಅಲ್ಪವಿರಾಮ ತಿದ್ದಿದರೂ ಎಲ್ಲವನ್ನೂ ಮತ್ತೆ ಜೋಡಿಸಿ ಏದುಸಿರು ಬಿಡುತ್ತದೆ. ಅಧ್ಯಾಯಕ್ಕೊಂದು ಸರಪಳಿ ಮಾಡಿ, ತಿದ್ದುಪಡಿಯನ್ನು ಸ್ಟೋರಿ ಎಡಿಟರ್‌ನಲ್ಲಿ ಮಾಡಿದರೆ ಸಹಿಸಬಹುದು. ಅಡಿಟಿಪ್ಪಣಿ ಸೌಲಭ್ಯ ಇದೆ, ಆದರೆ ಪಠ್ಯ ಜರುಗಿದಾಗ ಅದನ್ನು ನಂಬುವುದು ಕಷ್ಟ. ಪರಿವಿಡಿ ಶೀರ್ಷಿಕೆಯ ಶೈಲಿಯಿಂದ ತಾನಾಗಿ ಹುಟ್ಟುವುದಿಲ್ಲ, ಚೌಕಟ್ಟುಗಳಿಗೆ ಗುರುತು ಕಟ್ಟಬೇಕು. ಹದಿನೈದು ಅಧ್ಯಾಯದ ಪುಸ್ತಕಕ್ಕೆ ಅದಕ್ಕಿಂತ ಕೈಯಿಂದ ಟೈಪ್ ಮಾಡುವುದೇ ಬೇಗ.

ಇನ್‌ಡಿಸೈನ್ ಈ ಮೂರರಲ್ಲೂ ಮುಂದಿದೆ, ಬಾಡಿಗೆ ಕಟ್ಟುವವರಿಗೆ ಅದೇ ಸರಿ. ಅಲ್ಲಿ ಕನ್ನಡ ಒಡೆದು ಕಾಣುತ್ತಿದ್ದರೆ ದೋಷ ಫಾಂಟಿನದಲ್ಲ, ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೂಲೆಯ ಮೆನುವಿನಲ್ಲಿ "ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್" ಆರಿಸಿಲ್ಲ ಅಷ್ಟೆ. ಯಾವ ದಾಖಲೆಯೂ ತೆರೆದಿಲ್ಲದಾಗ ಆರಿಸಿದರೆ ಮುಂದಿನ ಎಲ್ಲ ಹೊಸ ದಾಖಲೆಗಳಿಗೂ ಅದೇ ನಿಲ್ಲುತ್ತದೆ.

ಸ್ಕ್ರೈಬಸ್ ಫೈಲನ್ನು ಇನ್ನೊಂದು ಗಣಕಕ್ಕೆ ಒಯ್ಯುವುದಾದರೆ ಆ ಒಂದೇ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಬೇಡಿ, ಚಿತ್ರಗಳು ಅದರೊಳಗಿಲ್ಲ. ಫೈಲ್ ಮೆನುವಿನ "ಕಲೆಕ್ಟ್ ಫಾರ್ ಔಟ್‌ಪುಟ್" ಬಳಸಿ, ಫಾಂಟುಗಳನ್ನೂ ಸೇರಿಸು ಎಂಬುದಕ್ಕೆ ಗುರುತು ಹಾಕಿ. ಆ ಕಡೆ ತೆರೆದಾಗ "ಫಾಂಟ್ ಸಿಗುತ್ತಿಲ್ಲ, ಬದಲಿ ಆರಿಸಿ" ಎಂಬ ಕಿಟಕಿ ಬಂದರೆ ಓಕೆ ಒತ್ತದೆ ರದ್ದು ಮಾಡಿ, ಮೊದಲು ಫಾಂಟ್ ಹಾಕಿಕೊಂಡು ಆಮೇಲೆ ತೆರೆಯಿರಿ.